ಮೊಗ್ಗು ಬಿಟ್ಟರೂ ದಾಸವಾಳ ಅರಳುವುದಿಲ್ಲವೇಕೆ?

ಪ್ರಶ್ನೆ: "ಎರಡು ವರ್ಷದ ಹಿಂದೆ ನರ್ಸರಿಯಿಂದ ದಾಸವಾಳದ ಎರಡು ಗಿಡ ತಂದೆ. ಒಂದು ಅಂಗೈಯಗಲದ ಕಿತ್ತಳೆ ಬಣ್ಣದ ಹೈಬ್ರಿಡ್, ಇನ್ನೊಂದು ನಸುಗೆಂಪು ಮುದ್ದೆ ದಾಸವಾಳ. ತಂದಾಗ ಮೊಳಕಾಲೆತ್ತರವೂ ಇರಲಿಲ್ಲ, ಆದರೆ ಮೈತುಂಬ ಹೂವಿತ್ತು. ಈಗ ಸೊಂಟದೆತ್ತರ ಬೆಳೆದಿವೆ, ಹೂವು ಮಾತ್ರ ಅಪರೂಪ. ಮೊಗ್ಗು ಬರುತ್ತದೆ, ಅರಳುವ ಮೊದಲೇ ತೊಟ್ಟು ಹಳದಿಯಾಗಿ ಉದುರುತ್ತದೆ. ಕುಡಿಯ ಎಲೆಗಳು ಹಳದಿ, ನರಗಳು ಮಾತ್ರ ಹಸಿರು. ಮುದ್ದೆ ದಾಸವಾಳದ ಚಿಗುರಿನಲ್ಲಿ ಹತ್ತಿಯಂಥದ್ದೇನೋ ಅಂಟಿಕೊಂಡಿದೆ, ಇರುವೆಗಳೂ ಸಾಲುಗಟ್ಟಿವೆ. ತಿಂಗಳಿಗೊಮ್ಮೆ ಒಂದು ಚಮಚ ಡಿಎಪಿ ಗೊಬ್ಬರ ಹಾಕುತ್ತಿದ್ದೇನೆ. ಮೊಟ್ಟೆಯ ಚಿಪ್ಪು, ಚಹಾಪುಡಿಯ ಚರಟ, ಹುಳಿ ಮಜ್ಜಿಗೆ ಎಲ್ಲವೂ ಆಯಿತು. ಎರಡೂ ಹತ್ತಿಂಚಿನ ಕುಂಡದಲ್ಲಿವೆ, ಬೆಳಗ್ಗೆ ಹನ್ನೊಂದರವರೆಗೆ ಬಿಸಿಲು ಬೀಳುತ್ತದೆ. ಪಕ್ಕದ ಮನೆಯ ಕೆಂಪು ದಾಸವಾಳವನ್ನು ಕೇಳುವವರೇ ಇಲ್ಲ, ಅದರಲ್ಲಿ ವರ್ಷವಿಡೀ ಹೂವು. ನನ್ನ ಗಿಡಗಳನ್ನು ಮೊಳಕಾಲೆತ್ತರಕ್ಕೆ ಕತ್ತರಿಸಲೇ? ಈಚೆಗೆ ಸಿಮೆಂಟ್ ಗಾರೆ ಮಾಡಿಸಿದ ಕಾಂಪೌಂಡ್ ಗೋಡೆಯ ಬುಡದಲ್ಲಿ ಜಾಗವಿದೆ, ಅಲ್ಲಿ ನೆಲಕ್ಕೆ ಇಳಿಸಲೇ? ಇಲ್ಲವೇ ಕಿತ್ತೆಸೆದು ಬೇರೆ ಗಿಡ ತರಲೇ?"

ಉತ್ತರ: ಕಿತ್ತೆಸೆಯಬೇಡಿ. ಡಿಎಪಿಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಮಿಕ್ಕ ವಿಚಾರಗಳನ್ನು ನಿಧಾನವಾಗಿ ನೋಡೋಣ.

ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳಿವೆ. ಮೊಗ್ಗು ಉದುರುವುದು ಒಂದು, ಚಿಗುರೆಲೆ ಹಳದಿಯಾಗುವುದು ಇನ್ನೊಂದು, ಬಿಳಿ ಕೀಟ ಮೂರನೆಯದು. ಮೂರಕ್ಕೂ ಕಾರಣ ಬೇರೆ ಬೇರೆ. ಆದರೆ ಒಂದೇ ಗಿಡದಲ್ಲಿ ಒಟ್ಟಿಗೆ ಕಂಡಾಗ ಯಾರಿಗಾದರೂ ಹೊಳೆಯುವುದು "ಗಿಡಕ್ಕೆ ಶಕ್ತಿ ಸಾಲದು" ಎಂಬ ಮಾತೇ. ಅಲ್ಲಿಂದ ಗೊಬ್ಬರದ ಮೆರವಣಿಗೆ ಶುರುವಾಗುತ್ತದೆ. ಸೊಂಟದೆತ್ತರ ಬೆಳೆದು, ತಪ್ಪದೆ ಮೊಗ್ಗು ಕಟ್ಟುತ್ತಿರುವ ಗಿಡ ಉಪವಾಸದಲ್ಲಿಲ್ಲ. ಹಸಿದ ಗಿಡ ಮೊಗ್ಗನ್ನೇ ಕಟ್ಟುವುದಿಲ್ಲ. ನಿಮ್ಮ ಗಿಡದಲ್ಲಿ ಕೆಲಸ ಕೆಡುತ್ತಿರುವುದು ಮೊಗ್ಗು ಮೂಡಿದ ಮೇಲೆ, ಅರಳುವುದಕ್ಕೆ ಮುಂಚೆ. ಹುಡುಕಬೇಕಾದದ್ದು ಆ ನಡುವಿನ ದಿನಗಳಲ್ಲಿ.

ಮೊದಲು ಪಕ್ಕದ ಮನೆಯ ಕೆಂಪು ದಾಸವಾಳದ ವಿಷಯ ಮುಗಿಸಿಬಿಡುತ್ತೇನೆ. ಅದು ನಿಮ್ಮನ್ನು ಸಾಕಷ್ಟು ಕಾಡಿರುವಂತಿದೆ. ಐದೆಸಳಿನ ಹಳೆಯ ಕೆಂಪು ದಾಸವಾಳಕ್ಕೂ ನಿಮ್ಮ ಕಿತ್ತಳೆ ಹೈಬ್ರಿಡ್‌ಗೂ ಹೆಸರು ಒಂದೇ, ಹುಟ್ಟು ಬೇರೆ. ಕೆಂಪು ದಾಸವಾಳ ತಲೆತಲಾಂತರದಿಂದ ಕಡ್ಡಿ ನೆಟ್ಟು ಬೆಳೆಸಿಕೊಂಡು ಬಂದ ಗಿಡ. ಹೀಗೆ ಸಾಗಿ ಬರುವಾಗ ಬೇರು ಗಟ್ಟಿಯಿಲ್ಲದವು, ಆರೈಕೆ ಬೇಡುವಂಥವು ತಾವಾಗಿಯೇ ಹಿಂದೆ ಉಳಿದುಬಿಟ್ಟವು. ದೊಡ್ಡ ಹೂವಿನ ಹೈಬ್ರಿಡ್‌ಗಳು ಹಾಗಲ್ಲ. ಸಾಮಾನ್ಯ ದಾಸವಾಳದ ಜೊತೆ ಪೂರ್ವ ಆಫ್ರಿಕಾ ಮೂಲದ ಜುಮುಕಿ ದಾಸವಾಳ, ಹವಾಯಿ ದ್ವೀಪಗಳ ಕಾಡು ದಾಸವಾಳಗಳು ಮುಂತಾದ ಹಲವು ಜಾತಿಗಳನ್ನು ಬೆರೆಸಿ ಅವುಗಳನ್ನು ರೂಪಿಸಿದ್ದಾರೆ. ಆಯ್ಕೆ ಮಾಡುವವರ ಕಣ್ಣು ಹೂವಿನ ಅಗಲ, ಬಣ್ಣದ ಮೇಲಿತ್ತೇ ಹೊರತು ಬೇರಿನ ಮೇಲಲ್ಲ. ಹಾಗಾಗಿ ಆ ಗಿಡಗಳು ನಿಧಾನವಾಗಿ ಬೆಳೆಯುತ್ತವೆ, ಹೂವು ಎಣಿಕೆಯಲ್ಲಿ ಕಡಿಮೆ, ಬೇರಿನ ಬಳಿ ನೀರು ನಿಂತರೆ ಬೇಗ ಸೋಲುತ್ತವೆ. ಮುದ್ದೆ ದಾಸವಾಳ ಗಟ್ಟಿ ಗಿಡವೇ. ಅದರಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಮೊಗ್ಗು ತೂಕವಾಗಿರುತ್ತದೆ, ಬಿಚ್ಚಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಉದುರುವ ಚಾಳಿಯೂ ಒಂಟಿ ಎಸಳಿನದಕ್ಕಿಂತ ಹೆಚ್ಚು. ಕೆಂಪು ದಾಸವಾಳದಲ್ಲಿ ದಿನಕ್ಕೆ ಹತ್ತು ಹೂವಿರುವಾಗ ನಿಮ್ಮ ಹೈಬ್ರಿಡ್‌ನಲ್ಲಿ ಎರಡಿದ್ದರೆ ಅದು ಸರಿಯಾದ ಲೆಕ್ಕವೇ.

ತಂದಾಗ ಪುಟ್ಟ ಗಿಡದ ಮೈತುಂಬ ಹೂವಿದ್ದದ್ದಕ್ಕೂ ಕಾರಣವಿದೆ. ಮಾರಾಟಕ್ಕೆಂದು ಬೆಳೆಸುವ ಕುಂಡದ ದಾಸವಾಳಕ್ಕೆ ಬೆಳವಣಿಗೆ ತಡೆಯುವ ರಾಸಾಯನಿಕ ಕೊಡುವುದು ನರ್ಸರಿ ಉದ್ಯಮದಲ್ಲಿ ಸಾಮಾನ್ಯ. ಕ್ಲೋರ್ಮೆಕ್ವಾಟ್, ಪ್ಯಾಕ್ಲೊಬ್ಯೂಟ್ರಜೋಲ್ ಎಂಬಂಥವು. ಇವು ಗೆಣ್ಣುಗಳ ನಡುವಿನ ಅಂತರ ಕುಗ್ಗಿಸಿ ಗಿಡವನ್ನು ಗಿಡ್ಡವಾಗಿ, ದಟ್ಟವಾಗಿ ಇಡುತ್ತವೆ. ಜೊತೆಗೆ ಅಲ್ಲಿ ಅಳತೆಯ ನೀರು, ಅಳತೆಯ ಗೊಬ್ಬರ, ಪೂರ್ತಿ ಬೆಳಕು. ಮನೆಗೆ ಬಂದ ಕೆಲವು ತಿಂಗಳಲ್ಲಿ ಔಷಧದ ಪ್ರಭಾವ ಇಳಿದು ಗಿಡ ತನ್ನ ಸಹಜ ಎತ್ತರಕ್ಕೆ ಏರತೊಡಗುತ್ತದೆ. ನಿಮ್ಮ ಗಿಡ ಕೆಟ್ಟಿತೆಂದು ಇದರ ಅರ್ಥವಲ್ಲ. ನರ್ಸರಿಯಲ್ಲಿ ಕಂಡ ರೂಪ ಬಹುಕಾಲ ನಿಲ್ಲುವಂಥದ್ದಾಗಿರಲಿಲ್ಲ, ಅಷ್ಟೇ.

ಇನ್ನು ಮುಖ್ಯ ವಿಷಯ. ನಾಳೆ ಬೆಳಗ್ಗೆ ಗಿಡದ ಬುಡದಲ್ಲಿ ಬಿದ್ದಿರುವುದನ್ನು ಗುಡಿಸುವ ಮೊದಲು ಕೈಗೆತ್ತಿಕೊಂಡು ನೋಡಿ. ಅದು ಮೆತ್ತಗೆ, ಎಸಳುಗಳೆಲ್ಲ ಒಳಕ್ಕೆ ಸುರುಳಿ ಸುತ್ತಿಕೊಂಡು, ತುದಿಯಲ್ಲಿ ತಿರುಚಿದಂತಿದ್ದರೆ ಅದು ಅರಳಿ ಮುಗಿದ ಹೂವು. ದಾಸವಾಳದ ಹೂವು ಸಾಮಾನ್ಯವಾಗಿ ಒಂದೇ ದಿನ ಬಾಳುತ್ತದೆ, ಕೆಲವು ಹೈಬ್ರಿಡ್‌ಗಳದು ಎರಡು ಮೂರು ದಿನ. ಬೆಳಗ್ಗೆ ಬೇಗ ಕೆಲಸಕ್ಕೆ ಹೊರಟು ಕತ್ತಲಾದ ಮೇಲೆ ಮರಳುವವರು ಅರಳಿದ ಹೂವನ್ನು ನೋಡದೆ ಬಿದ್ದದ್ದನ್ನಷ್ಟೇ ನೋಡಿ "ಮೊಗ್ಗು ಉದುರುತ್ತಿದೆ" ಎಂದು ಬರೆಯುವುದುಂಟು. (ಈ ಒಂದು ದಿನದ ಆಯುಷ್ಯ ಎಷ್ಟು ಖಚಿತವೆಂದರೆ, ಬೆಳಗ್ಗೆ ಕಿತ್ತ ಹೂವನ್ನು ನೀರಿಲ್ಲದೆ ಮೇಜಿನ ಮೇಲಿಟ್ಟರೂ ಸಂಜೆಯವರೆಗೆ ಅರಳಿಯೇ ಇರುತ್ತದೆ, ನೀರಿನಲ್ಲಿಟ್ಟರೂ ಮರುದಿನಕ್ಕೆ ಉಳಿಯುವುದಿಲ್ಲ.) ನೀವು ತೊಟ್ಟು ಹಳದಿಯಾಗುತ್ತದೆ ಎಂದಿದ್ದೀರಿ, ಆದ್ದರಿಂದ ನಿಮ್ಮದು ನಿಜವಾದ ಮೊಗ್ಗು ಉದುರುವಿಕೆಯೇ ಇರಬೇಕು. ಹೂವಿನ ತೊಟ್ಟಿನ ನಡುವೆ ಸಣ್ಣ ಗಂಟಿನಂಥ ಕೀಲು ಇರುತ್ತದೆ. ಮೊಗ್ಗನ್ನು ಬಿಟ್ಟುಕೊಡಲು ಗಿಡ ನಿರ್ಧರಿಸಿದಾಗ ಅಲ್ಲಿಂದಲೇ ಕಳಚುತ್ತದೆ. ಮುಟ್ಟಿದರೆ ಸಾಕು, ಕೈಗೆ ಬರುತ್ತದೆ.

ಹಾಗೆ ಕೈಗೆ ಬಂದ ನಾಲ್ಕೈದು ಮೊಗ್ಗನ್ನು ಬಿಳಿ ಕಾಗದದ ಮೇಲಿಟ್ಟು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಎಸಳಿನ ಮಡಿಕೆಗಳ ನಡುವೆ ತಿಳಿ ಹಳದಿಯ, ಒಂದೆರಡು ಮಿಲಿಮೀಟರ್ ಉದ್ದದ, ಕಾಲಿಲ್ಲದ ಹುಳುಗಳು ಕಂಡರೆ ಅವು ಮೊಗ್ಗು ನೊಣದ ಮರಿಗಳು. ಇಂಗ್ಲಿಷಿನಲ್ಲಿ ಬ್ಲಾಸಮ್ ಮಿಡ್ಜ್ ಎನ್ನುವ, ಸೊಳ್ಳೆಗಿಂತ ಚಿಕ್ಕ ನೊಣ ಇದು. ವೈಜ್ಞಾನಿಕ ಹೆಸರು ಕಾಂಟರೀನಿಯಾ ಮ್ಯಾಕುಲಿಪೆನ್ನಿಸ್. ಮಲ್ಲಿಗೆ, ಆರ್ಕಿಡ್ ಮೊಗ್ಗುಗಳನ್ನೂ ಬಿಡುವುದಿಲ್ಲ. ಸೀಳಿದ ಮೊಗ್ಗನ್ನು ಎರಡು ನಿಮಿಷ ನೋಡುತ್ತ ಕುಳಿತರೆ ಒಂದೊಂದು ಮರಿ ಬಿಲ್ಲಿನಂತೆ ಬಾಗಿ ಚಂಗನೆ ನೆಗೆಯುವುದೂ ಕಾಣುತ್ತದೆ. ಒಮ್ಮೆ ಅದನ್ನು ಕಂಡವರಿಗೆ ಮತ್ತೆ ಅನುಮಾನ ಉಳಿಯುವುದಿಲ್ಲ.

ತಾಯಿ ನೊಣ ಎಳೆ ಮೊಗ್ಗಿನ ತುದಿಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ತಿಂದು ಬೆಳೆಯುತ್ತವೆ, ಮೊಗ್ಗು ಹಳದಿಯಾಗಿ ಬೀಳುತ್ತದೆ, ಮರಿಗಳು ಹೊರಬಂದು ಮಣ್ಣಿಗಿಳಿದು ಕೋಶವಾಗುತ್ತವೆ, ಅಲ್ಲಿಂದ ಮತ್ತೆ ನೊಣಗಳಾಗಿ ಹೊರಡುತ್ತವೆ. ಈ ಸುತ್ತು ಮುಗಿಯಲು ಮೂರರಿಂದ ನಾಲ್ಕು ವಾರ. ಬದುಕಿನ ಬಹುಪಾಲನ್ನು ಮೊಗ್ಗಿನೊಳಗೆ ಅಥವಾ ಮಣ್ಣಿನೊಳಗೆ ಕಳೆಯುವ ಈ ಕೀಟಕ್ಕೆ ಎಲೆಯ ಮೇಲೆ ಎಷ್ಟು ಔಷಧ ಸಿಂಪಡಿಸಿದರೂ ತಾಗುವುದಿಲ್ಲ. ಬೇವಿನ ಎಣ್ಣೆಯೂ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಕೆಲಸ ಮಾಡುವುದು ಶುಚಿತ್ವ. ಬಿದ್ದ ಮೊಗ್ಗನ್ನೂ ಗಿಡದಲ್ಲೇ ಹಳದಿಯಾಗಿರುವ ಮೊಗ್ಗನ್ನೂ ದಿನಾ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ನೀವೇ ಸಾಕಿದಂತೆ. ಹಾವಳಿ ಜೋರಾಗಿದ್ದರೆ ನಾನು ಹೇಳುವುದು ಇನ್ನೂ ಕಠಿಣವಾದ ಮಾರ್ಗ: ಒಂದು ತಿಂಗಳು ಗಿಡದಲ್ಲಿ ಒಂದೂ ಮೊಗ್ಗು ಉಳಿಯದಂತೆ, ಹಸಿರು ಮೊಗ್ಗನ್ನೂ ಸೇರಿಸಿ, ಚಿವುಟಿ ಹಾಕುವುದು. ಮೊಟ್ಟೆ ಇಡಲು ಜಾಗವಿಲ್ಲದೆ ಸುತ್ತು ಕಡಿಯುತ್ತದೆ. ಇದಕ್ಕೆ ಮನಸ್ಸು ಗಟ್ಟಿ ಬೇಕು, ಎರಡು ತಿಂಗಳ ಹೂವು ಕೈಬಿಡುತ್ತದೆ. ಅಕ್ಕಪಕ್ಕದಲ್ಲಿ ಇದೇ ಕೀಟವಿರುವ ಇನ್ನೊಂದು ಗಿಡವಿದ್ದರೆ ಮತ್ತೆ ಬರುವ ಸಾಧ್ಯತೆಯೂ ಇದೆ. ಆದರೂ ಇದಕ್ಕಿಂತ ಖಚಿತವಾದ ದಾರಿ ನನಗೆ ಗೊತ್ತಿಲ್ಲ.

ಸೀಳಿದಾಗ ಹುಳುವಿಲ್ಲ, ಆದರೆ ಮೊಗ್ಗನ್ನು ಕಾಗದದ ಮೇಲೆ ಬಡಿದಾಗ ಸೂಜಿಯ ಮೊನೆಯಷ್ಟು ಸಣ್ಣ ಕಂದು ಬಣ್ಣದ ಗೆರೆಗಳು ಓಡಾಡಿದರೆ ಅವು ಥ್ರಿಪ್ಸ್ ಎಂಬ ರಸ ಹೀರುವ ಕೀಟಗಳು. ಅರಳಿದ ಒಂದೆರಡು ಹೂವಿನ ಎಸಳಂಚು ಕಂದಾಗಿ ಸುಕ್ಕಾಗಿರುವುದೂ ಅವುಗಳ ಗುರುತು. ಒಣ ಹವೆಯಲ್ಲಿ ಇವುಗಳ ಕಾಟ ಹೆಚ್ಚು. ನೀರಿನ ರಭಸ, ಸಾಬೂನಿನ ದ್ರಾವಣ, ಬೇವಿನ ಎಣ್ಣೆ ಇವಕ್ಕೆ ಸ್ವಲ್ಪ ಮಟ್ಟಿಗೆ ನಾಟುತ್ತವೆ.

ಮೊಗ್ಗು ಒಳಗೂ ಹೊರಗೂ ಶುಚಿಯಾಗಿದ್ದರೆ? ಆಗ ತಪ್ಪು ನೀರಿನದೋ ಹವೆಯದೋ ಆಗಿರುತ್ತದೆ. ಹತ್ತಿಂಚಿನ ಕುಂಡದಲ್ಲಿ ಸೊಂಟದೆತ್ತರದ ಗಿಡ ಎಂದಿರಿ. ಎರಡು ವರ್ಷದಲ್ಲಿ ಅದರೊಳಗೆ ಮಣ್ಣಿಗಿಂತ ಬೇರೇ ಹೆಚ್ಚಾಗಿರುತ್ತದೆ. ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಎಲೆ ಜೋತು ಬೀಳುತ್ತದೆ, ಸಂಜೆ ನೀರು ಕಂಡು ಮತ್ತೆ ಏಳುತ್ತದೆ. ಎಲೆಯೇನೋ ಚೇತರಿಸಿಕೊಂಡಿತು, ಆದರೆ ಹಾಗೆ ಸೊರಗಿದ ಪ್ರತಿ ಸಲವೂ ಗಿಡ ತನ್ನಲ್ಲಿರುವ ಮೊಗ್ಗುಗಳಲ್ಲಿ ಕೆಲವನ್ನು ಕೈಬಿಡುತ್ತದೆ. ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು ಇದರ ಹಿಂದಿದೆ. ಒತ್ತಡಕ್ಕೆ ಸಿಕ್ಕ ಗಿಡ ಅದನ್ನು ತಾನೇ ಹೊರಸೂಸುತ್ತದೆ, ದಾಸವಾಳದ ಮೊಗ್ಗುಗಳು ಅದಕ್ಕೆ ವಿಪರೀತ ಸೂಕ್ಷ್ಮ. ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ, ಕುಂಡವನ್ನು ದಿಢೀರನೆ ಬಿಸಿಲಿನಿಂದ ನೆರಳಿಗೆ ಸರಿಸಿದಾಗ, ದೂರದಿಂದ ವಾಹನದಲ್ಲಿ ತಂದಾಗ ಮೊಗ್ಗು ಉದುರುವುದಕ್ಕೆ ಇದೇ ಕಾರಣ. ಹವೆಯಿಂದಾದದ್ದಾದರೆ ಒಂದೆರಡು ವಾರದಲ್ಲಿ ತಾನಾಗಿ ನಿಲ್ಲುತ್ತದೆ. ತಿಂಗಳುಗಟ್ಟಲೆ ನಡೆದರೆ ಬೇರನ್ನೂ ನೀರನ್ನೂ ಅನುಮಾನಿಸಿ.

ಬಿಸಿಲಿನ ಬಗ್ಗೆ ಒಂದು ಮಾತು. ಹನ್ನೊಂದರವರೆಗಿನ ಬಿಸಿಲು ನಾಲ್ಕು ಗಂಟೆಯಷ್ಟಾಯಿತು. ಗಿಡ ಬದುಕಲು ಅದು ಧಾರಾಳ, ಹೂವಿಗೆ ಕನಿಷ್ಠ. ಐದಾರು ಗಂಟೆ ಸಿಗುವ ಜಾಗವಿದ್ದರೆ ಅಲ್ಲಿಗೆ ಸರಿಸಿ. ಒಂದೇ ದಿನದಲ್ಲಿ ಬೇಡ, ವಾರವಿಡೀ ಸ್ವಲ್ಪ ಸ್ವಲ್ಪವಾಗಿ.

ಈಗ ಹಳದಿ ಎಲೆ, ಡಿಎಪಿ. ದಾಸವಾಳದ ಎಲೆ ಹಳದಿಯಾಗುವುದೆಲ್ಲ ಒಂದೇ ಬಗೆಯದಲ್ಲ. ಬುಡದ ಕಡೆಯ ಒಂದೆರಡು ಹಳೆಯ ಎಲೆ ಪೂರ್ತಿ ಹಳದಿಯಾಗಿ ಬಿದ್ದರೆ ಚಿಂತೆ ಬೇಡ, ವಯಸ್ಸಾಗಿದೆ ಅಷ್ಟೇ. ಹಳೆಯ ಎಲೆಗಳಲ್ಲಿ ನರಗಳ ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ ಇರಬಹುದು. ಹೊಸ ಎಲೆಗಳಲ್ಲಿ, ಕುಡಿಯಲ್ಲೇ, ನರ ಹಸಿರಾಗಿ ಮಿಕ್ಕದ್ದು ಹಳದಿಯಾದರೆ ಅದು ಕಬ್ಬಿಣಾಂಶದ ಕೊರತೆ. ನೀವು ಬರೆದಿರುವುದು ಈ ಕೊನೆಯದನ್ನು. ಮೆಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲದು, ಆದ್ದರಿಂದ ಕೊರತೆಯಾದಾಗ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕಬ್ಬಿಣ ಹಾಗೆ ಓಡಾಡುವುದಿಲ್ಲ, ಹೊಸ ಎಲೆಯೇ ಬರಿಗೈಯಾಗುತ್ತದೆ. ಎಪ್ಸಮ್ ಉಪ್ಪು ಹಾಕಿ ಎಂದು ಯಾರಾದರೂ ಹೇಳಿದ್ದರೆ, ಅದು ಮೆಗ್ನೀಸಿಯಂ ಸಲ್ಫೇಟ್. ನಿಮ್ಮ ಗಿಡದ ಹಳದಿಗೆ ಅದು ಮದ್ದಲ್ಲ.

ಕಬ್ಬಿಣ ಮಣ್ಣಿನಲ್ಲಿಲ್ಲ ಎಂದೂ ಇದರ ಅರ್ಥವಲ್ಲ. ಇದ್ದೂ ಗಿಡಕ್ಕೆ ಸಿಗುತ್ತಿಲ್ಲ. ಸಿಗದಂತೆ ಮಾಡುವ ವಸ್ತುಗಳಲ್ಲಿ ಎರಡನ್ನು ನೀವು ಕೈಯಾರೆ ಹಾಕುತ್ತಿದ್ದೀರಿ. ಡಿಎಪಿಯಲ್ಲಿ ಶೇಕಡಾ 18 ಸಾರಜನಕ, 46 ರಂಜಕ, ಪೊಟ್ಯಾಷ್ ಸೊನ್ನೆ. "ಹೂವಿಗೆ ರಂಜಕ" ಎಂಬ ಮಾತು ಅರ್ಧ ಸತ್ಯ. ರಂಜಕವಿಲ್ಲದೆ ಯಾವ ಗಿಡವೂ ಬದುಕದು, ಆದರೆ ದಾಸವಾಳಕ್ಕೆ ಬೇಕಾದ ಪ್ರಮಾಣ ತೀರಾ ಕಡಿಮೆ. ರಂಜಕ ಅತಿಯಾದರೆ ನರಳುವ ಗಿಡಗಳ ಸಾಲಿಗೆ ಅದು ಸೇರುತ್ತದೆ. ಸಾರಜನಕದಂತೆ ರಂಜಕ ನೀರಿನೊಡನೆ ಸುಲಭವಾಗಿ ಕೊಚ್ಚಿಹೋಗುವುದೂ ಇಲ್ಲ. ತಿಂಗಳಿಗೊಂದು ಚಮಚದಂತೆ ಕುಂಡದಲ್ಲೇ ಕೂಡುತ್ತಾ ಹೋಗಿ, ಕಬ್ಬಿಣದೊಡನೆ ಸೇರಿ ಕರಗದ ಸಂಯುಕ್ತವಾಗುತ್ತದೆ. ಗೊಬ್ಬರ ಹಾಕಿದಷ್ಟೂ ಎಲೆ ಹಳದಿಯಾಗುವ, ಹಳದಿಯಾದಷ್ಟೂ ಮನೆಯವರು ಮತ್ತೆ ಗೊಬ್ಬರ ಹಾಕುವ ಚಕ್ರ ಹೀಗೆ ಶುರುವಾಗುತ್ತದೆ. ದಾಸವಾಳದ ವಿಷಯದಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಈ ಚಕ್ರಕ್ಕೆ ಸಿಕ್ಕವೇ ಹೆಚ್ಚು.

ಎರಡನೆಯದು ಮೊಟ್ಟೆಯ ಚಿಪ್ಪು. ಅದು ಬಹುಮಟ್ಟಿಗೆ ಸುಣ್ಣದ ಕಲ್ಲೇ, ಕ್ಯಾಲ್ಸಿಯಂ ಕಾರ್ಬೊನೇಟ್. ದಪ್ಪ ಚೂರುಗಳು ವರ್ಷಗಟ್ಟಲೆ ಕರಗುವುದಿಲ್ಲ, ಆದ್ದರಿಂದ ದೊಡ್ಡ ಹಾನಿ ಮಾಡಿರಲಾರವು. ನುಣ್ಣಗೆ ಪುಡಿ ಮಾಡಿ ಹಾಕಿದ್ದರೆ ಮಣ್ಣನ್ನು ಕ್ಷಾರದ ಕಡೆಗೆ ತಳ್ಳುತ್ತವೆ. ದಾಸವಾಳಕ್ಕೆ ಹಿತವಾದದ್ದು ತುಸು ಆಮ್ಲೀಯ ಮಣ್ಣು, ರಸಸಾರ 6ರಿಂದ 6.8ರ ಆಸುಪಾಸು. ಮಣ್ಣು ಕ್ಷಾರಕ್ಕೆ ತಿರುಗಿದಂತೆ ಕಬ್ಬಿಣ ಬೇರಿಗೆ ಎಟುಕುವುದು ಕಡಿಮೆಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ಇದೇ ಕೆಲಸ ಮಾಡುತ್ತದೆ, ಒಲೆಯ ಬೂದಿಯೂ ಅಷ್ಟೇ. ಚಹಾಪುಡಿಯ ಚರಟ ಕೊಳೆತ ಮೇಲೆ ಒಳ್ಳೆಯ ಕಾಂಪೋಸ್ಟ್; ಹಸಿಯಾಗಿ ಕುಂಡದ ಮೇಲೆ ಹರಡಿದರೆ ಬೂಷ್ಟು, ಸಣ್ಣ ನೊಣ. ಮಜ್ಜಿಗೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕುಡಿದರೆ ನಿಮಗೆ ಒಳ್ಳೆಯದು.

ಸರಿಪಡಿಸುವ ಕ್ರಮ ಹೀಗೆ. ಮೊದಲು ಕುಂಡದ ತೂತು ಮುಚ್ಚಿಲ್ಲವೆಂದು ನೋಡಿಕೊಂಡು, ಕುಂಡದ ಅಳತೆಯ ಮೂರರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ಕೆಳಗಿನಿಂದ ಪೂರ್ತಿ ಬಸಿದುಹೋಗಲು ಬಿಡಿ. ಕೂಡಿಕೊಂಡ ಲವಣಗಳು ತೊಳೆದುಹೋಗುತ್ತವೆ. ಮಣ್ಣನ್ನು ಹಿಡಿದು ಕುಳಿತ ರಂಜಕ ಇದರಿಂದ ಅಷ್ಟಾಗಿ ಜಗ್ಗುವುದಿಲ್ಲ, ಅದಕ್ಕೆ ಹೊಸ ಮಣ್ಣೇ ಮದ್ದು. ಆಮೇಲೆ ಕೀಲೇಟ್ ರೂಪದ, ಅಂದರೆ ಮಣ್ಣಿನಲ್ಲಿ ಬೇಗ ಸಿಕ್ಕಿಹಾಕಿಕೊಳ್ಳದಂತೆ ಕಟ್ಟಿಟ್ಟ, ಕಬ್ಬಿಣ ಕೊಡಿ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಇಡಿಟಿಎ ಎಂದು ಬರೆದಿರುವುದು ಎಲೆಗೆ ಸಿಂಪಡಿಸಲು ಸರಿ, ಕ್ಷಾರೀಯ ಮಣ್ಣಿಗೆ ಹಾಕಿದರೆ ಬೇಗ ನಿಷ್ಫಲವಾಗುತ್ತದೆ. ಇಡಿಡಿಎಚ್‌ಎ ಎಂದಿರುವುದು ಕ್ಷಾರೀಯ ಮಣ್ಣಿನಲ್ಲೂ ನಿಲ್ಲುತ್ತದೆ. ಪೊಟ್ಟಣದ ಮೇಲಿನ ಪ್ರಮಾಣ ಮೀರಬೇಡಿ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದಿರಬಹುದು. ಮೂರು ನಾಲ್ಕು ವಾರದಲ್ಲಿ ಬರುವ ಹೊಸ ಚಿಗುರಿನ ಬಣ್ಣ ನೋಡಿ ಗುಣ ಅಳೆಯಿರಿ.

ಗೊಬ್ಬರ ಬೇಕೇ ಬೇಕು, ದಾಸವಾಳ ಹೊಟ್ಟೆಬಾಕ ಗಿಡವೇ. ಆದರೆ ಅದರ ಆಸೆ ಪೊಟ್ಯಾಷ್ ಮೇಲೆ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ (ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್) ನಡುವಿನದು ಎಲ್ಲಕ್ಕಿಂತ ಚಿಕ್ಕದಾಗಿ, ಕೊನೆಯದು ದೊಡ್ಡದಾಗಿರಬೇಕು. ಅಂಥದ್ದು ಸಿಗದಿದ್ದರೆ ಎರೆಗೊಬ್ಬರದ ಜೊತೆ ಚಿಟಿಕೆಯಷ್ಟು ಪೊಟ್ಯಾಸಿಯಂ ಸಲ್ಫೇಟ್ ಸಾಕು. ತಿಂಗಳಿಗೊಮ್ಮೆ ಚಮಚ ತುಂಬ ಸುರಿಯುವ ಬದಲು, ಗಿಡ ಚಿಗುರುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ತೆಳ್ಳಗೆ, ಒದ್ದೆ ಮಣ್ಣಿಗೆ. ಮುಂದಿನ ಎರಡು ತಿಂಗಳು ಮಾತ್ರ ಕಬ್ಬಿಣದ ಹೊರತು ಏನೂ ಬೇಡ.

ಮುದ್ದೆ ದಾಸವಾಳದ ಮೇಲಿನ "ಹತ್ತಿ" ಹಿಟ್ಟು ತಿಗಣೆ. ಮೇಣದ ಪುಡಿ ಹೊದ್ದು ಚಿಗುರಿನ ರಸ ಹೀರುವ ಕೀಟ. ಕುಡಿ ಸುರುಟಿ, ಎಲೆಗಳು ಒತ್ತೊತ್ತಾಗಿ ಗಂಟುಕಟ್ಟಿದ್ದರೆ ಅದು ಗುಲಾಬಿ ಬಣ್ಣದ ಹಿಟ್ಟು ತಿಗಣೆ ಇರಬೇಕು, ದಾಸವಾಳ ಅದಕ್ಕೆ ಪ್ರಿಯವಾದ ಗಿಡ. ಗಂಟುಕಟ್ಟಿದ ಕುಡಿ ಮತ್ತೆ ನೆಟ್ಟಗಾಗುವುದಿಲ್ಲ, ಒಳಗಿನ ಕೀಟಕ್ಕೆ ಔಷಧ ತಲುಪುವುದೂ ಇಲ್ಲ. ಕತ್ತರಿಸಿ ಸಾಬೂನು ನೀರಿನಲ್ಲಿ ಮುಳುಗಿಸಿ. ಇರುವೆಗಳನ್ನು ನಿರ್ಲಕ್ಷಿಸಬೇಡಿ: ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಅವು ಅದನ್ನು ಕಾಯುತ್ತವೆ, ತಿಗಣೆ ತಿನ್ನಲು ಬರುವ ಮಿತ್ರಕೀಟಗಳನ್ನು ಓಡಿಸುತ್ತವೆ. ಕುಂಡದ ಕಾಲಿಗೆ ನೀರಿನ ತಟ್ಟೆ ಇಟ್ಟು, ಗೋಡೆಗೆ ತಾಗುವ ರೆಂಬೆ ಸವರಿ ಅವುಗಳ ದಾರಿ ಕಡಿಯಿರಿ.

ಮಿಕ್ಕ ಭಾಗಕ್ಕೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ಬೆರೆಯುವಷ್ಟು ಸೌಮ್ಯ ದ್ರವ ಸಾಬೂನು. ಸಂಜೆ ಬಿಸಿಲಿಳಿದ ಮೇಲೆ, ಎಲೆಯ ಅಡಿಗೂ ತಾಗುವಂತೆ, ವಾರಕ್ಕೊಮ್ಮೆ ಮೂರು ಸಲ. ಮೊದಲು ಒಂದು ರೆಂಬೆಗೆ ಮಾತ್ರ ಸಿಂಪಡಿಸಿ ಎರಡು ದಿನ ನೋಡಿ. ಕೆಲವು ಹೈಬ್ರಿಡ್‌ಗಳ ಎಲೆ ಎಣ್ಣೆಗೆ ಸುಟ್ಟುಹೋಗುತ್ತದೆ. ಇಲ್ಲಿ ಮರಿಹುಳುವೊಂದನ್ನು ನೋಡಿ ಗಾಬರಿಯಾಗಬೇಡಿ: ಹಿಟ್ಟು ತಿಗಣೆಯಂತೆಯೇ ಬಿಳಿ ಮೇಣದ ಕುಚ್ಚು ಹೊದ್ದಿದ್ದರೂ ಗಾತ್ರದಲ್ಲಿ ದೊಡ್ಡದಾಗಿ, ಚುರುಕಾಗಿ ಓಡಾಡುವುದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಅದು ತಿಗಣೆಗಳನ್ನು ತಿನ್ನುತ್ತದೆ. ಅದು ಕಂಡರೆ ಸಿಂಪಡಣೆ ನಿಲ್ಲಿಸಿ ಅದಕ್ಕೇ ಕೆಲಸ ಬಿಡಿ. ಇಮಿಡಾಕ್ಲೊಪ್ರಿಡ್‌ನಂಥ ಅಂತರ್ವ್ಯಾಪಿ (ಗಿಡದೊಳಗೆಲ್ಲ ಹರಡುವ) ಕೀಟನಾಶಕ ತಿಗಣೆಯನ್ನು ಬೇಗ ಮುಗಿಸುತ್ತದೆ, ನಿಜ. ಮಕರಂದಕ್ಕೂ ಸೇರಿ ಜೇನ್ನೊಣಕ್ಕೆ ಕುತ್ತು ತರುತ್ತದೆ, ನಂತರ ಜೇಡನುಸಿಯ ಹಾವಳಿಗೆ ದಾರಿ ಮಾಡುವುದೂ ಇದೆ. ಹೂವನ್ನೋ ಎಲೆಯನ್ನೋ ಮನೆಯಲ್ಲಿ ಬಳಸುವವರು ಅದನ್ನು ಮುಟ್ಟಲೇಬಾರದು. ಎರಡು ಕುಂಡದ ಗಿಡಕ್ಕೆ ಅದರ ಅಗತ್ಯವೂ ಇಲ್ಲ.

ಕತ್ತರಿಸಲೇ ಎಂದಿರಿ. ಕತ್ತರಿಸಿ, ಆದರೆ ಎಲ್ಲವನ್ನೂ ಒಮ್ಮೆಗೇ ಮೊಳಕಾಲೆತ್ತರಕ್ಕೆ ಇಳಿಸಬೇಡಿ. ದಾಸವಾಳ ಹೂವು ಬಿಡುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ. ಹಳೆಯ ರೆಂಬೆ ಉದ್ದವಾದಂತೆ ಹೂವು ತುದಿಯಲ್ಲೆಲ್ಲೋ ಒಂದೆರಡು ಉಳಿಯುತ್ತದೆ. ಸವರಿದರೆ ಒಂದು ತುದಿಯಿದ್ದಲ್ಲಿ ಎರಡು ಮೂರು ತುದಿ. ಆದರೆ ಸವರಿದ ರೆಂಬೆ ಮತ್ತೆ ಹೂ ಬಿಡಲು ಸಾಮಾನ್ಯ ತಳಿಗಳಲ್ಲಿ ಎರಡು ತಿಂಗಳು, ಹೈಬ್ರಿಡ್‌ನಲ್ಲಿ ಮೂರು ತಿಂಗಳವರೆಗೂ ಬೇಕು. ಹಾಗಾಗಿ ಮೂರರಲ್ಲಿ ಒಂದು ಭಾಗದ ರೆಂಬೆಗಳನ್ನು ಈಗ, ಇನ್ನೊಂದು ಭಾಗ ತಿಂಗಳ ನಂತರ, ಮಿಕ್ಕದ್ದು ಮತ್ತೊಂದು ತಿಂಗಳಿಗೆ. ಹೊರಮುಖವಾಗಿರುವ ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು, ಹರಿತವಾದ ಕತ್ತರಿಯಿಂದ. ಚಳಿಗಾಲ ಅದಕ್ಕೆ ಸೂಕ್ತವಲ್ಲ, ಗಿಡ ಚಿಗುರದೆ ಮಂಕಾಗಿ ನಿಂತುಬಿಡುತ್ತದೆ. ಎಲೆ ಹಳದಿಯಿರುವ ನಿಮ್ಮ ಹೈಬ್ರಿಡ್ ಅನ್ನು ಹಸಿರಿಗೆ ಮರಳುವವರೆಗೆ ಸವರಲೇಬೇಡಿ. ಆಹಾರ ತಯಾರಿಸುವ ಎಲೆಯನ್ನೇ ತೆಗೆದರೆ ಚಿಗುರಿಗೆ ಬಲ ಎಲ್ಲಿಂದ? ಮೊಗ್ಗು ನೊಣ ಇದ್ದರೆ ಮಾತ್ರ ಒಂದು ಅನುಕೂಲ: ಸವರುವುದೂ ಮೊಗ್ಗು ಚಿವುಟುವುದೂ ಒಂದೇ ಅವಧಿಗೆ ಹೊಂದಿಸಬಹುದು, ಹೂವಿಲ್ಲದ ದಿನಗಳು ಎರಡೆರಡು ಸಲ ಬಾರವು.

ನೆಲಕ್ಕೆ ಇಳಿಸುವ ವಿಚಾರ. ಮುದ್ದೆ ದಾಸವಾಳವನ್ನು ಖಂಡಿತ ಇಳಿಸಿ. ಅದು ಆಳೆತ್ತರ ಮೀರಿ ಬೆಳೆಯುವ ಗಿಡ, ಕುಂಡ ಅದಕ್ಕೆ ಎಂದಿಗೂ ಸಾಲದು. ಆದರೆ ಹೊಸ ಗಾರೆಯ ಗೋಡೆಯ ಬುಡ ಬೇಡ. ಸಿಮೆಂಟಿನಿಂದ ಇಳಿಯುವ ಸುಣ್ಣ, ಮಣ್ಣಿನಲ್ಲಿ ಹೂತ ಗಾರೆಯ ಚೂರು ಎರಡೂ ಸೇರಿ ನೀವು ಈಗ ಅನುಭವಿಸುತ್ತಿರುವ ಹಳದಿ ಎಲೆಯನ್ನೇ ಶಾಶ್ವತ ಮಾಡುತ್ತವೆ. ಗೋಡೆ ಹಿಂದಕ್ಕೆ ಎಸೆಯುವ ಮಧ್ಯಾಹ್ನದ ಕಾವು ಬೇರೆ. ಗೋಡೆಯಿಂದ ಕನಿಷ್ಠ ಒಂದು ಮೀಟರ್ ದೂರ, ಸಾಧ್ಯವಾದರೆ ಒಂದೂವರೆ. ಗುಂಡಿಗೆ ನೀರು ಸುರಿದು ನೋಡಿ. ಮರುದಿನವೂ ನಿಂತಿದ್ದರೆ ಆ ಜಾಗ ಬಿಡಿ, ಇಲ್ಲವೇ ಮಣ್ಣನ್ನು ಏರಿಸಿ ದಿಬ್ಬದ ಮೇಲೆ ನೆಡಿ. ಒಣ ಎಲೆಯ ಹೊದಿಕೆ ಎರಡಿಂಚು ಇರಲಿ, ಕಾಂಡಕ್ಕೆ ತಾಗದಿರಲಿ.

ಹೈಬ್ರಿಡ್ ಕುಂಡದಲ್ಲೇ ಇರಲಿ. ಈಗಿನ ಹತ್ತಿಂಚಿನದರಿಂದ ಹನ್ನೆರಡಿಂಚಿನ ಕುಂಡಕ್ಕೆ ಬದಲಿಸಿ, ಒಮ್ಮೆಗೇ ಹದಿನೆಂಟಿಂಚಿನದು ಬೇಡ. ಬೇರು ತಲುಪದ ಮಣ್ಣು ಸದಾ ಒದ್ದೆಯಾಗಿ ಉಳಿದು ಬೇರು ಕೊಳೆಯುತ್ತದೆ, ಹೈಬ್ರಿಡ್‌ಗಳು ಸಾಯುವುದು ಬಹುತೇಕ ಹಾಗೆಯೇ. ಹೊರಸುತ್ತಿನ ಬೇರನ್ನು ಬೆರಳಿನಿಂದ ಬಿಡಿಸಿ, ಹಳೆಯ ಮಣ್ಣನ್ನು ಆದಷ್ಟು ಉದುರಿಸಿ, ನೀರು ಸರಾಗವಾಗಿ ಬಸಿಯುವ ಹೊಸ ಮಿಶ್ರಣ ತುಂಬಿ. ಬೆರಳು ಒಂದಿಂಚು ಒಳಗಿಳಿಸಿದಾಗ ಒಣಗಿದ್ದರೆ ನೀರು. ಕಾಂಡದ ಬುಡ ನೋಡಿ: ಅಲ್ಲಿ ಕಸಿಯ ಗಂಟು ಕಂಡರೆ ಅದರ ಕೆಳಗಿನಿಂದ ಬರುವ ಚಿಗುರನ್ನೆಲ್ಲ ಕಿತ್ತುಹಾಕಿ. ಬಿಟ್ಟರೆ ಕಸಿಗೆ ಆಸರೆಯಾದ ಬೇರುಗಿಡವೇ ಮೇಲಾಗಿ, ಕಿತ್ತಳೆ ಹೂವಿನ ಗಿಡದಲ್ಲಿ ಒಂದು ದಿನ ಕೆಂಪು ಹೂವು ಅರಳಿರುತ್ತದೆ.

ಇಷ್ಟಾದ ಮೇಲೂ ಮೂರು ತಿಂಗಳ ತನಕ ಗಿಡವನ್ನು ಅಳೆಯಬೇಡಿ. ಆ ಬಿಡುವಿನಲ್ಲಿ ಪಕ್ಕದ ಮನೆಯವರನ್ನು ಕೇಳಿ ಆ ಕೆಂಪು ದಾಸವಾಳದ ನಾಲ್ಕು ಕಡ್ಡಿ ತನ್ನಿ. ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ತೀರಾ ಬಲಿತದ್ದೂ ಅಲ್ಲದ, 15 ಸೆಂಟಿಮೀಟರ್ ಉದ್ದದ ತುಂಡುಗಳು. ಮೇಲಿನ ಎರಡು ಎಲೆ ಬಿಟ್ಟು ಮಿಕ್ಕದ್ದನ್ನು ತೆಗೆದು, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಮರಳು ಬೆರೆತ ಮಿಶ್ರಣದಲ್ಲಿ ಊರಿ ನೆರಳಿನಲ್ಲಿಡಿ. ಆರರಿಂದ ಎಂಟು ವಾರದಲ್ಲಿ ಬೇರು ಬಿಟ್ಟಿರುತ್ತವೆ. ಕಡ್ಡಿಯನ್ನು ಜಗ್ಗಿ ನೋಡಬೇಡಿ, ಹೊಸ ಚಿಗುರು ಬಂದು ನಾಲ್ಕು ಎಲೆ ಬಿಚ್ಚುವವರೆಗೆ ಕಾದು ಆಮೇಲೆ ಕುಂಡಕ್ಕೆ ಬದಲಿಸಿ. ತರುವ ಮೊದಲು ಆ ಗಿಡದ ಕುಡಿಗಳಲ್ಲಿ ಹಿಟ್ಟು ತಿಗಣೆ ಇಲ್ಲವೆಂದು ಮಾತ್ರ ನೋಡಿಕೊಳ್ಳಿ.